ಐಸಿಯುದಿಂದ ಮನೆಗೆ: ತಲೆ ಆಪರೇಷನ್ ಆದವರನ್ನು ನೋಡಿಕೊಳ್ಳುವುದು ಹೇಗೆ?

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು, ಬಿ.ಪಿ. ಏರಿ ಮೆದುಳಿನಲ್ಲಿ ರಕ್ತಸ್ರಾವವಾದವರು ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ), ಸತ್ತೂರಿನ ಎಸ್‌ಡಿಎಂನಂಥ ಆಸ್ಪತ್ರೆಗಳಲ್ಲಿ ವಾರಗಟ್ಟಲೆ ಇದ್ದು ಗದಗ, ಹಾವೇರಿ ಕಡೆಯ ತಮ್ಮ ಊರಿಗೆ ಮರಳುತ್ತಾರೆ. ಹಲವರ ಕುತ್ತಿಗೆಯಲ್ಲಿ ಉಸಿರಾಟದ ನಳಿಕೆ, ಮೂಗಿನಲ್ಲಿ ಹೊಟ್ಟೆಗೆ ಊಟ ಹಾಕುವ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್ ಇನ್ನೂ ಇರುತ್ತವೆ. ಅಲ್ಲಿ ನರ್ಸ್ ಮಾಡುತ್ತಿದ್ದ ಕೆಲಸ ಇಲ್ಲಿ ಹೆಂಡತಿ, ಮಗ, ಅಕ್ಕನ ಪಾಲಿಗೆ ಬರುತ್ತದೆ. ಕಲಿತರೆ ಬರುವ ಕೆಲಸವೇ, ಆದರೆ ಡಿಸ್ಚಾರ್ಜ್ ದಿನ ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಕಲಿಯುವಂಥದ್ದಲ್ಲ. ನಾಲ್ಕೈದು ದಿನ ಮೊದಲೇ ವಾರ್ಡಿನಲ್ಲಿ ನರ್ಸ್ ಎದುರು ನಿಮ್ಮ ಕೈಯಿಂದಲೇ ಸಕ್ಷನ್ (ನಳಿಕೆಯೊಳಗಿನ ಕಫವನ್ನು ಯಂತ್ರದಿಂದ ಹೀರಿ ತೆಗೆಯುವುದು) ಮಾಡಿ, ಟ್ಯೂಬಿಗೆ ಊಟ ಹಾಕಿ ತೋರಿಸಿ. ಇಬ್ಬರು ಕಲಿಯಿರಿ. ಒಬ್ಬರೇ ಕಲಿತರೆ ಅವರು ಜ್ವರ ಬಂದು ಮಲಗಿದ ದಿನ ಗತಿಯಿಲ್ಲ. ಇಲ್ಲಿರುವುದು ಸಾಮಾನ್ಯ ಕ್ರಮ. ನಿಮ್ಮ ವೈದ್ಯರು ಬೇರೆ ಹೇಳಿದ್ದರೆ ಅದೇ ಅಂತಿಮ.

ಮಂಚ ಮತ್ತು ತಲೆ

ತಲೆಯ ಭಾಗ 30 ಡಿಗ್ರಿ ಎತ್ತರದಲ್ಲಿರಬೇಕು ಎಂದು ಹೇಳಿ ಕಳಿಸುತ್ತಾರೆ. ಮಡಚುವ ಮಂಚವಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಒಂದು ಹಲಗೆ ಸಾಕು. ಸೊಂಟದಿಂದ ನೆತ್ತಿಯವರೆಗಿನ ಉದ್ದ ಅಳೆಯಿರಿ, ಅಷ್ಟೇ ಉದ್ದದ ಹಲಗೆಯ ತಲೆ ಕಡೆಯ ತುದಿಯನ್ನು ಅದರ ಅರ್ಧದಷ್ಟು ಎತ್ತರಿಸಿ. ಉದ್ದ 84 ಸೆಂ.ಮೀ. ಇದ್ದರೆ ಎತ್ತರ 42 ಸೆಂ.ಮೀ.; ಅದು ಸರಿಯಾಗಿ 30 ಡಿಗ್ರಿ. ಹಲಗೆ ಜಾರದಂತೆ ಕಟ್ಟಿ, ಮೇಲೆ ಗಾದಿ ಹಾಸಿ. ತಲೆಯ ಕೆಳಗೆ ಮಾತ್ರ ಎರಡು ಮೂರು ತಲೆದಿಂಬು ಪೇರಿಸುವುದು ತಪ್ಪು. ಬೆನ್ನು ಏಳುವುದಿಲ್ಲ, ಕುತ್ತಿಗೆ ಮುಂದಕ್ಕೆ ಮಡಚಿಕೊಳ್ಳುತ್ತದೆ. ಮೆದುಳಿನಿಂದ ರಕ್ತ ಕೆಳಗಿಳಿಯುವುದು ಕುತ್ತಿಗೆಯ ರಕ್ತನಾಳಗಳ ಮೂಲಕ. ಕುತ್ತಿಗೆ ಮಡಚಿದರೆ, ಒಂದು ಕಡೆ ಪೂರ್ತಿ ತಿರುಗಿದರೆ, ನಳಿಕೆಯ ಲಾಡಿ ಬಿಗಿಯಾದರೆ ಆ ಹರಿವು ತಗ್ಗಿ ತಲೆಯೊಳಗಿನ ಒತ್ತಡ ಏರುತ್ತದೆ. ಮೂಗು, ಗದ್ದ, ಎದೆಯ ನಡುಭಾಗ ಒಂದೇ ಗೆರೆಯಲ್ಲಿರಲಿ. ಲಾಡಿಯ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು.

ಬಾವು ಇಳಿಯಲೆಂದು ತಲೆಬುರುಡೆಯ ಎಲುಬು ತೆಗೆದಿದ್ದರೆ ಆ ಕಡೆ ಮಲಗಿಸಲೇಬಾರದು. ನರ್ಸ್‌ಗಳು ಮಂಚದ ತಲೆಗೆ ಚೀಟಿ ಅಂಟಿಸುತ್ತಾರೆ, ಮನೆಯಲ್ಲೂ ಅಂಟಿಸಿ: ‘ಬಲಗಡೆ ಎಲುಬಿಲ್ಲ, ಈ ಮಗ್ಗುಲು ಬೇಡ’. ರಾತ್ರಿ ಪಾಳಿಗೆ ಬಂದ ತಮ್ಮನಿಗೆ ಅದನ್ನು ಬೇರೆ ಯಾರೂ ನೆನಪಿಸುವುದಿಲ್ಲ. ಎಬ್ಬಿಸಿ ಕೂರಿಸುವಾಗ, ನಡೆಸುವಾಗ ಹೆಲ್ಮೆಟ್ ಬೇಕು. ಬೈಕಿನದಲ್ಲ, ವೈದ್ಯರು ಹೇಳಿದ ಹಗುರವಾದದ್ದು.

ಸಕ್ಷನ್

ಗಡಿಯಾರ ನೋಡಿ ಸಕ್ಷನ್ ಮಾಡಬೇಡಿ. ಗೊರಗೊರ ಸದ್ದು ಬಂದರೆ, ನಳಿಕೆಯ ಬಾಯಲ್ಲಿ ಕಫ ಕಂಡರೆ, ಉಸಿರು ಬಿರುಸಾದರೆ ಮಾತ್ರ. ಪ್ರತಿ ಸಲವೂ ಕೆಮ್ಮು ಬರುತ್ತದೆ, ಕೆಮ್ಮಿದಾಗ ತಲೆಯೊಳಗಿನ ಒತ್ತಡ ಏರುತ್ತದೆ.

ಸಕ್ಷನ್ ಕ್ಯಾಥೆಟರ್ (ಕಫ ಹೀರುವ ತೆಳು ಕೊಳವೆ) ನಂಬರಿಗೆ ಲೆಕ್ಕ ಸರಳ: ನಳಿಕೆಯ ಅಳತೆಯನ್ನು ಮೂರರಿಂದ ಗುಣಿಸಿ ಎರಡರಿಂದ ಭಾಗಿಸಿ. 8ರ ನಳಿಕೆಗೆ 12ನೇ ನಂಬರ್; 7ಕ್ಕೆ ಹತ್ತೂವರೆ ಬರುತ್ತದೆ, 10 ತೆಗೆದುಕೊಳ್ಳಿ. ಅದಕ್ಕಿಂತ ದಪ್ಪದ್ದು ಹಾಕಿದರೆ ಪಕ್ಕದಲ್ಲಿ ಗಾಳಿಗೆ ಜಾಗ ಉಳಿಯದೆ ರೋಗಿಗೆ ಉಸಿರು ಕಟ್ಟುತ್ತದೆ. ಯಂತ್ರದ ಒತ್ತಡ 80ರಿಂದ 120 ಎಂಎಂಎಚ್‌ಜಿ (mmHg) ನಡುವೆ ಇರಲಿ. ಕಫ ಗಟ್ಟಿಯಿದೆ ಎಂದು 200ಕ್ಕೆ ಏರಿಸುವವರಿದ್ದಾರೆ, ಆಗ ಬರುವುದು ಕಫವಲ್ಲ, ರಕ್ತ.

ಸೋಪಿನಿಂದ ಕೈಯನ್ನು 40ರಿಂದ 60 ಸೆಕೆಂಡು ತೊಳೆದು ಗ್ಲೌಸ್ ಹಾಕಿ. ಎಷ್ಟು ಆಳ ಹಾಕಬೇಕೆಂದು ಮೊದಲೇ ಅದೇ ಅಳತೆಯ ಬಿಡಿ ನಳಿಕೆಯ ಪಕ್ಕ ಕ್ಯಾಥೆಟರ್ ಹಿಡಿದು ಗುರುತು ಮಾಡಿಕೊಂಡಿರಿ. ನಳಿಕೆಯ ತುದಿ ದಾಟಿ ಅರ್ಧ ಸೆಂ.ಮೀ. ಸಾಕು. ಒಳಗೆ ಹಾಕುವಾಗ ಕ್ಯಾಥೆಟರಿನ ಕಂಟ್ರೋಲ್ ತೂತು (ಮುಚ್ಚಿದಾಗ ಮಾತ್ರ ಹೀರುತ್ತದೆ) ತೆರೆದಿರಲಿ. ಹೊರಗೆ ಎಳೆಯುವಾಗ ಹೆಬ್ಬೆರಳಿನಿಂದ ಮುಚ್ಚಿ, ಕ್ಯಾಥೆಟರನ್ನು ಬೆರಳಲ್ಲಿ ತಿರುಗಿಸುತ್ತ ತೆಗೆಯಿರಿ. ಒಂದು ಸಲಕ್ಕೆ 10 ಸೆಕೆಂಡು ಮೀರಬಾರದು. ಮಾಡುತ್ತಿರುವಾಗ ನಿಮ್ಮ ಉಸಿರನ್ನೂ ಬಿಗಿಹಿಡಿಯಿರಿ, ಎಷ್ಟು ಹೊತ್ತಾಯಿತೆಂದು ತಾನಾಗಿ ತಿಳಿಯುತ್ತದೆ. ಮತ್ತೆ ಬೇಕಾದರೆ ಅರ್ಧ ನಿಮಿಷ ಬಿಟ್ಟು, ಒಟ್ಟು ಮೂರು ಸಲ. ಬಾಯಿಗೆ ಬಳಸಿದ ಕ್ಯಾಥೆಟರ್ ಮತ್ತೆ ನಳಿಕೆಗೆ ಹೋಗಕೂಡದು.

ಸಕ್ಷನ್‌ಗೆ ಮೊದಲು ಐದು ಮಿ.ಲೀ. ಸಲೈನ್ ಬಿಡುವ ರೂಢಿ ಹಳೆಯದು. ನರ್ಸಿಂಗ್ ಸಂಶೋಧನೆಗಳು ಇದನ್ನು ಮತ್ತೆ ಮತ್ತೆ ಪರೀಕ್ಷಿಸಿವೆ: ಕಫ ಅದರಿಂದ ತೆಳುವಾಗುವುದಿಲ್ಲ, ಆಕ್ಸಿಜನ್ ಮಾತ್ರ ಇಳಿಯಬಹುದು. ರೂಢಿಯಾಗಿ ಮಾಡಬೇಕಿಲ್ಲ. ಕಫ ಒಣಗದಿರಲು ನಳಿಕೆಯ ಬಾಯಿಗೆ ಒದ್ದೆ ಮಾಡಿ ಹಿಂಡಿದ ತೆಳು ಗಾಜ್ ಇಡಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಅದು ಬೇಗ ಒಣಗುತ್ತದೆ, ಮೇಲಿಂದ ಮೇಲೆ ಬದಲಿಸಿ. ನಳಿಕೆಯೊಳಗೆ ತೆಗೆದು ಹಾಕಲು ಬರುವ ಒಳನಳಿಕೆ ಇದ್ದರೆ ದಿನಕ್ಕೆ ಎರಡು ಮೂರು ಸಲ ತೆಗೆದು ತೊಳೆಯಬೇಕು. ಕ್ಯಾಥೆಟರ್ ಒಳಗೆ ಹೋಗದೆ ತಡೆದರೆ ಮೊದಲು ಒಳನಳಿಕೆ ತೆಗೆಯಿರಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕರೆಂಟ್ ಹೋಗುವ ಊರಿನಲ್ಲಿ ಕಾಲಿನಿಂದ ಒತ್ತುವ ಸಕ್ಷನ್ ಯಂತ್ರ ಇಲ್ಲದೆ ಮನೆಗೆ ಹೋಗುವುದೇ ಬೇಡ.

ಟ್ಯೂಬಿನ ಊಟ

ಟ್ಯೂಬ್ ಮೂಗಿನ ಹತ್ತಿರ ಎಲ್ಲಿದೆಯೋ ಅಲ್ಲಿ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಊಟ ಹಾಕುವ ಮೊದಲು ಪ್ರತಿ ಸಲ ಆ ಗೆರೆ ನೋಡಿ. ಹೊರಗೆ ಸರಿದಿದ್ದರೆ ಒಳಗೆ ನೂಕಬೇಡಿ, ಊಟವನ್ನೂ ಹಾಕಬೇಡಿ. ಸಿರಿಂಜಿನಿಂದ ಗಾಳಿ ಬಿಟ್ಟು ಹೊಟ್ಟೆಯ ಮೇಲೆ ಸದ್ದು ಕೇಳುವ ಪದ್ಧತಿಯನ್ನು ನಂಬಿ ಕೂರಬೇಡಿ. ಟ್ಯೂಬಿನ ತುದಿ ಶ್ವಾಸಕೋಶದಲ್ಲಿದ್ದಾಗಲೂ ಅಂಥದೇ ಸದ್ದು ಕೇಳಿಸುತ್ತದೆ. ಟ್ಯೂಬಿನಿಂದ ಎಳೆದ ರಸ ಹುಳಿ ಅಳೆಯುವ ಪಿಎಚ್ ಕಾಗದದಲ್ಲಿ 5.5 ಅಥವಾ ಕಡಿಮೆ ತೋರಿಸಿದರೆ ಹೊಟ್ಟೆಯಲ್ಲಿದೆ ಎಂದು ಅರ್ಥ. ಆದರೆ ಆಮ್ಲ ತಗ್ಗಿಸುವ ಗುಳಿಗೆ ತೆಗೆದುಕೊಳ್ಳುವವರಲ್ಲಿ ಅಂಕಿ ಮೇಲೇರಬಹುದು. ಅನುಮಾನವಿದ್ದರೆ ಎಕ್ಸ್‌ರೇ ಒಂದೇ ದಾರಿ.

30ರಿಂದ 45 ಡಿಗ್ರಿ ಎತ್ತರದಲ್ಲಿ ಕೂರಿಸಿ. 30 ಮಿ.ಲೀ. ನೀರು, ಆಮೇಲೆ 200ರಿಂದ 250 ಮಿ.ಲೀ. ಊಟ, ಮತ್ತೆ 30 ಮಿ.ಲೀ. ನೀರು. ಸಿರಿಂಜಿನ ದಂಡ ತೆಗೆದು ಬರೀ ಕೊಳವೆಯನ್ನು ಒಂದಡಿ ಎತ್ತರ ಹಿಡಿದರೆ 15–20 ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಒತ್ತಿ ತುಂಬಿದರೆ ವಾಂತಿ, ವಾಂತಿಯಾದರೆ ನ್ಯುಮೋನಿಯಾ. ಊಟದ ನಂತರ ಮುಕ್ಕಾಲು ಗಂಟೆ ತಲೆ ಇಳಿಸಬೇಡಿ.

ಏನು ಹಾಕಬೇಕು? ಎಳನೀರು, ಅಕ್ಕಿ ಗಂಜಿಯ ತಿಳಿ, ಬೇಳೆ ಕಟ್ಟು ಇಷ್ಟರಲ್ಲೇ ದಿನ ದೂಡುವ ಮನೆಗಳು ಬಹಳ. ಹೊಟ್ಟೆ ತುಂಬುತ್ತದೆ, ಮೈ ಇಳಿಯುತ್ತದೆ, ಬೆನ್ನಿನಲ್ಲಿ ಹುಣ್ಣು ಏಳುತ್ತದೆ. 60 ಕಿಲೋ ತೂಕದವರಿಗೆ ಸಾಮಾನ್ಯವಾಗಿ ದಿನಕ್ಕೆ 1500ರಿಂದ 1800 ಕ್ಯಾಲರಿ ಬೇಕು. ಹಾಲು, ಹಾಲಿನ ಪುಡಿ, ಬೇಯಿಸಿದ ಮೊಟ್ಟೆ, ರಾಗಿ, ಬೇಳೆ, ಒಂದೆರಡು ಚಮಚ ಎಣ್ಣೆ ಸೇರಲೇಬೇಕು. ಪ್ರಮಾಣವನ್ನು ಆಹಾರ ತಜ್ಞರಿಂದ ಬರೆಸಿಕೊಳ್ಳಿ. ಜೋಳದ ನುಚ್ಚನ್ನು ಎಷ್ಟು ರುಬ್ಬಿದರೂ ತರಿ ಉಳಿಯುತ್ತದೆ, ಬಟ್ಟೆಯಲ್ಲಿ ಸೋಸದೆ ಹಾಕಿದರೆ ಟ್ಯೂಬ್ ಕಟ್ಟಿತೆಂದೇ ತಿಳಿಯಿರಿ. ಮಲಬದ್ಧತೆಗೆಂದು ಇಸಬ್‌ಗೋಲ್ ಹಾಕುವುದಂತೂ ಬೇಡ. ಅದು ಟ್ಯೂಬಿನೊಳಗೇ ಉಬ್ಬುತ್ತದೆ. ಕಟ್ಟಿದ ಟ್ಯೂಬಿಗೆ ಉಗುರುಬೆಚ್ಚನೆ ನೀರೇ ಮದ್ದು. ಕೋಲಾ ಹಾಕಿದರೆ ಅದರ ಹುಳಿಗೆ ಹಾಲು ಒಡೆದು ಇನ್ನೂ ಗಟ್ಟಿಯಾಗಬಹುದು.

ಗುಳಿಗೆಗಳನ್ನು ಒಂದೊಂದಾಗಿ ಪುಡಿ ಮಾಡಿ, ನಡುನಡುವೆ ನೀರು ಬಿಡಿ. ಹೆಸರಿನ ಕೊನೆಗೆ ಎಸ್‌ಆರ್, ಸಿಆರ್ ಎಂದಿರುವುದನ್ನು ಪುಡಿ ಮಾಡಿದರೆ ದಿನವಿಡೀ ನಿಧಾನವಾಗಿ ಕರಗಬೇಕಾದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ. ಅದಕ್ಕೆ ಬದಲಿ ಸಿರಪ್ ಕೇಳಿ. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಊಟದೊಂದಿಗೆ ಬೆರೆತರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮುಂಚೆ ಮತ್ತು ನಂತರ ಒಂದೆರಡು ಗಂಟೆ ಊಟ ನಿಲ್ಲಿಸಲು ಹೇಳುತ್ತಾರೆ, ವೇಳೆಯನ್ನು ವೈದ್ಯರಿಂದಲೇ ಬರೆಸಿಕೊಳ್ಳಿ.

ನೋಡಲು ಬಂದವರು ‘ಬಾಯಿ ಒಣಗೈತಿ, ಒಂದ ಚಮಚ ನೀರರ ಹಾಕ್ರಿ’ ಅನ್ನುತ್ತಾರೆ. ನುಂಗುವ ಪರೀಕ್ಷೆ ಆಗದವರಿಗೆ ಆ ಒಂದು ಚಮಚ ನೇರ ಶ್ವಾಸಕೋಶಕ್ಕೆ ಹೋಗಬಹುದು. ಒದ್ದೆ ಗಾಜ್‌ನಿಂದ ತುಟಿ, ನಾಲಿಗೆ ಒರೆಸಿ. ಮೆತ್ತನೆಯ ಬ್ರಷ್‌ನಿಂದ ದಿನಕ್ಕೆರಡು ಸಲ ಹಲ್ಲುಜ್ಜಿ.

ಚರ್ಮ

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಎರಡು, ಮೂರು, ನಾಲ್ಕು ಗಂಟೆಗಳ ಅಂತರದಲ್ಲಿ ಹುಣ್ಣು ಏಳುವುದರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಅಧ್ಯಯನ ನಡೆದ ವೃದ್ಧಾಶ್ರಮಗಳಲ್ಲಿದ್ದದ್ದು ದಟ್ಟ ಫೋಮಿನ ಹಾಸಿಗೆ. ನಮ್ಮ ಹತ್ತಿಯ ಗಾದಿ ತಿಂಗಳಲ್ಲಿ ಗಂಟುಗಟ್ಟುತ್ತದೆ, ಆ ರಿಯಾಯಿತಿ ನಮಗಿಲ್ಲ. ಕೆಂಪಾದ ಕಡೆ ತಿಕ್ಕಬೇಡಿ, ಸ್ಪಿರಿಟ್, ಪೌಡರ್ ಬೇಡ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು. ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ. ಎತ್ತುವಾಗ ಸೋತ ಕೈಯನ್ನು ಜಗ್ಗಿದರೆ ಭುಜದ ಕೀಲು ಜಾರುತ್ತದೆ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ.

ಎಚ್ಚರ ಎಷ್ಟಿದೆ?

1974ರಲ್ಲಿ ಗ್ಲಾಸ್ಗೋದಲ್ಲಿ ರೂಪಿಸಿದ ಅಳತೆಗೋಲಿನಲ್ಲಿ ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15 ಅಂಕ. ತೀರಾ ಕಡಿಮೆಯೆಂದರೆ 3. ಮನೆಯಲ್ಲಿ ಅಂಕ ಹಾಕಬೇಕಿಲ್ಲ. ಬೆಳಿಗ್ಗೆ, ಸಂಜೆ ಮೂರು ಸಂಗತಿ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಕಣ್ಣು ತಾನಾಗಿ ತೆರೆಯುತ್ತಾರೆಯೇ ಅಥವಾ ಕರೆದರೆ ಮಾತ್ರವೇ, ಹೇಳಿದ್ದು ಮಾಡುತ್ತಾರೆಯೇ, ಎರಡೂ ಕಡೆಯ ಕೈಕಾಲು ಸಮವಾಗಿ ಆಡುತ್ತವೆಯೇ. ‘ನನ್ನ ಕೈ ಹಿಡಿ’ ಎಂದು ಕೇಳಬೇಡಿ. ಮೆದುಳಿಗೆ ಪೆಟ್ಟಾದವರ ಅಂಗೈಗೆ ಏನು ತಾಗಿದರೂ ಬೆರಳು ತಾನೇ ಮುಚ್ಚಿಕೊಳ್ಳಬಹುದು. ಮನೆಯವರು ಅದನ್ನೇ ಗುರುತು ಹಿಡಿದರೆಂದು ತಿಳಿಯುತ್ತಾರೆ. ‘ಎರಡು ಬೆರಳು ತೋರಿಸು’, ‘ನಾಲಿಗೆ ಚಾಚು’ ಎಂದು ಕೇಳಿ.

ನಿನ್ನೆಗಿಂತ ಮಂಪರು ಹೆಚ್ಚಿದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಮತ್ತೆ ಮತ್ತೆ ವಾಂತಿಯಾದರೆ, ಎಲುಬಿಲ್ಲದ ಜಾಗ ಉಬ್ಬಿ ಬಿಗಿಯಾದರೆ, ಗಾಯದಿಂದ ಅಥವಾ ಮೂಗು, ಕಿವಿಯಿಂದ ನೀರಿನಂಥ ದ್ರವ ಸೋರಿದರೆ, ಫಿಟ್ಸ್ ಐದು ನಿಮಿಷ ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಸೋರುವ ಮೂಗು, ಕಿವಿಗೆ ಹತ್ತಿ ತುರುಕಬೇಡಿ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ., ಹಾವೇರಿಯಿಂದ ಸುಮಾರು 75. ಆಂಬುಲೆನ್ಸ್ ಕರೆಯುವಾಗ ಆಕ್ಸಿಜನ್, ಸಕ್ಷನ್ ಎರಡೂ ಇವೆಯೇ ಎಂದು ಕೇಳಿ. ಡಿಸ್ಚಾರ್ಜ್ ಕಾರ್ಡ್, ಹಳೆಯ ಸಿ.ಟಿ. ಫಿಲ್ಮ್, ಗುಳಿಗೆಗಳ ಚೀಟಿ, ಆ ನೋಟ್‌ಬುಕ್ಕು ಮತ್ತು ಬಿಡಿ ನಳಿಕೆ ಒಂದೇ ಚೀಲದಲ್ಲಿ ಮಂಚದ ಗೂಟಕ್ಕೆ ತೂಗಿರಲಿ.