ಕಣದಲ್ಲಿ ಕಾರು, ಡಿಕ್ಕಿಯಲ್ಲಿ ಎರಡು ಚೀಲ ಕಾಫಿ

ಮೊದಲ ಸೆಟ್ ಸ್ಪ್ರಿಂಗ್ ಕೊಂಡಿದ್ದು ಬರೀ ನೋಟಕ್ಕೆ. ನನ್ನ ಕಾರು ಫೋಕ್ಸ್‌ವ್ಯಾಗನ್ ವೆಂಟೋ 1.0 ಟಿಎಸ್‌ಐ, ಮ್ಯಾನ್ಯುವಲ್ ಗೇರಿನದು. ಕಂಪನಿ ಕೊಟ್ಟಿದ್ದು 110 ಪಿಎಸ್ ಶಕ್ತಿ. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಆದಮೇಲೆ ಓಟ ಇನ್ನೂ ಚುರುಕಾಯಿತು. ಆದರೆ ಟೈರಿಗೂ ಫೆಂಡರಿಗೂ ನಡುವೆ ಮುಷ್ಟಿ ತೂರುವಷ್ಟು ಸಂದು ಹಾಗೇ ಇತ್ತು. ಅದನ್ನು ನೋಡಲಾಗದೆ 40 ಎಂ.ಎಂ. ಇಳಿಸುವ ಲೋವರಿಂಗ್ ಸ್ಪ್ರಿಂಗ್ ತರಿಸಿದೆ. ಹಾಕಿಸಿದ ದಿನ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಸುಮ್ಮನೆ ಎರಡು ಸುತ್ತು ಹೊಡೆದೆ, ಸುಳ್ಳು ಯಾಕೆ ಹೇಳಲಿ. ಆಲ್ದೂರು ರಸ್ತೆಗೆ ತಿರುಗಿದ ಮೇಲೆ ಸಿಕ್ಕ ಮೊದಲ ಹಂಪಿನಲ್ಲೇ 'ಧಡ್' ಎಂದಿತು. ಸ್ಪ್ರಿಂಗ್ ಬಿಗಿ ಇದೆ, ಅದಕ್ಕೇ ಹೀಗೆ ಅಂದುಕೊಂಡು ಒಂದು ತಿಂಗಳು ಓಡಿಸಿದೆ.

ತಪ್ಪು ಗೊತ್ತಾಗಿದ್ದು ವೈರು ಕಟ್ಟುವ ಐದು ರೂಪಾಯಿಯ ಪ್ಲಾಸ್ಟಿಕ್ ಕೇಬಲ್ ಟೈಯಿಂದ. ಮುಂದಿನ ಶಾಕ್‌ಅಬ್ಸಾರ್ಬರಿನ ಧೂಳಿನ ಕವಚ ಮೇಲೆತ್ತಿ, ಹೊಳೆಯುವ ರಾಡಿಗೆ ಒಂದು ಟೈ ಬಿಗಿದೆ. ಕಾರು ಎಷ್ಟು ಕುಸಿಯುತ್ತದೋ ಅಷ್ಟು ಟೈ ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. ಮನೆಯಿಂದ ಪೇಟೆಗೆ ಹೋಗಿ ಬಂದು ನೋಡಿದರೆ ಟೈ ಬಂಪ್ ಸ್ಟಾಪಿಗೆ (ಶಾಕ್‌ಅಬ್ಸಾರ್ಬರ್ ಪೂರ್ತಿ ಕುಸಿದಾಗ ಪೆಟ್ಟು ತಡೆಯುವ ರಬ್ಬರು) ಹೋಗಿ ಜಜ್ಜಿಕೊಂಡಿತ್ತು. ಅಂದರೆ ನನ್ನ ಕಾರು ಕೂತಿದ್ದು ಹೊಸ ಸ್ಪ್ರಿಂಗಿನ ಮೇಲಲ್ಲ, ಆ ರಬ್ಬರಿನ ತುಂಡಿನ ಮೇಲೆ.

ಆಮೇಲೆ ಕಾಗದ ಪೆನ್ನು ಹಿಡಿದು ಕೂತೆ. ನಾನು ಅಳೆದಂತೆ ಹಳೆಯ ಸ್ಪ್ರಿಂಗ್ ಒಂದು ಎಂ.ಎಂ. ತಗ್ಗಲು ಸುಮಾರು 2.2 ಕೆ.ಜಿ. ಭಾರ ಬೇಕು. ಬಂಪ್ ಸ್ಟಾಪಿಗೆ ಮೊದಲು 70 ಎಂ.ಎಂ. ಜಾಗ ಇತ್ತು. 2.2ನ್ನು 70ರಿಂದ ಗುಣಿಸಿದರೆ 154. ನಿಂತ ಕಾರಿನ ಮೇಲೆ ಅಷ್ಟು ಕೆ.ಜಿ. ಹೆಚ್ಚು ಬಿದ್ದರೆ ಮಾತ್ರ ರಬ್ಬರು ಮುಟ್ಟುತ್ತಿತ್ತು. ಲೋವರಿಂಗ್ ಸ್ಪ್ರಿಂಗ್ ಎಂ.ಎಂ.ಗೆ 2.6 ಕೆ.ಜಿ.ಯದು, ಉಳಿದ ಜಾಗ 30. ಗುಣಿಸಿದರೆ 78. ಬಿಗಿ ಅಂತ ದುಡ್ಡು ಕೊಟ್ಟು ತಂದಿದ್ದು ಹಳೆಯದರ ಅರ್ಧದಷ್ಟು ಭಾರವನ್ನು ಮಾತ್ರ ತಡೆಯುತ್ತಿತ್ತು!

ಗ್ಯಾರೇಜಿನ ಅಣ್ಣನ ಸಲಹೆ ಬೇರೆಯೇ ಇತ್ತು. "ಹಳೇದೇ ಹಾಕಿ ಒಂದು ಸುತ್ತು ಕಟ್ ಮಾಡಿ ಬಿಡುವಾ ಮಾರಾಯ್ರೆ, ತಾನಾಗಿ ಕೂರ್ತದೆ." ಕೂರುವುದು ಹೌದು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿಯಾಗುವುದೂ ಹೌದು. ಆದರೆ ಚಕ್ರ ಪೂರ್ತಿ ಕೆಳಗೆ ತೂಗಿದಾಗ ಗಿಡ್ಡ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸಡಿಲವಾಗಿ ಅಲ್ಲಾಡುತ್ತದೆ, ಕತ್ತರಿಸಿದ ತುದಿ ಸರಿಯಾಗಿ ಕೂರುವುದೂ ಇಲ್ಲ. ಚಾರ್ಮಾಡಿಯ ತಿರುವಿನಲ್ಲಿ ಒಳಗಿನ ಚಕ್ರ ಹಗುರಾಗುವ ಹೊತ್ತಿಗೆ ಅಂಥದ್ದು ನನಗೆ ಬೇಡ. ತಂತಿಯ ದಪ್ಪ ನೋಡಿ ಬಿಗಿ ಅಂದಾಜು ಮಾಡಬಹುದು. ಬಿಗಿತ ಹೋಗುವುದು ದಪ್ಪದ ನಾಲ್ಕನೇ ಘಾತದಲ್ಲಿ. ಸುರುಳಿಯ ಅಗಲ, ಸುತ್ತು ಅಷ್ಟೇ ಇದ್ದು 12 ಎಂ.ಎಂ. ತಂತಿ 13 ಆದರೆ ಶೇ 38ರಷ್ಟು ಹೆಚ್ಚು. ವರ್ನಿಯರ್‌ನಲ್ಲಿ ಅಳೆಯುವಾಗ ಬಣ್ಣದ ಪದರವನ್ನು ಕಳೆಯದಿದ್ದರೆ ಲೆಕ್ಕವೆಲ್ಲ ಕೆಡುತ್ತದೆ.

ಹಿಂದಿನ ಚಕ್ರದ ಸ್ಪ್ರಿಂಗ್ ಅಳೆದಿದ್ದು ನಮ್ಮ ಕಾಫಿ ಒಣಗಿಸುವ ಕಣದಲ್ಲಿ. ಅಷ್ಟು ದೊಡ್ಡ ಸಿಮೆಂಟು ನೆಲ ಯಾವ ಗ್ಯಾರೇಜಿನಲ್ಲೂ ಸಿಗುವುದಿಲ್ಲ. ನೀರು ಹರಿಯಲು ಕಣಕ್ಕೂ ವಾಟ ಇರುತ್ತದೆ, ಹಾಗಾಗಿ ಕಾರನ್ನು ತಿರುಗಿಸಿ ನಿಲ್ಲಿಸಿ ಎರಡು ಸಲ ಅಳೆದು ಸರಾಸರಿ ತೆಗೆದೆ. ಹಿಂದಿನ ಸೀಟು ಮಡಚಿ, ಆಕ್ಸಲಿನ ನೇರಕ್ಕೆ 50 ಕೆ.ಜಿ.ಯ ಎರಡು ಚೀಲ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಇಟ್ಟು, ಕಾರನ್ನು ಹಿಂದೆ ಮುಂದೆ ತಳ್ಳಿ ಕುಲುಕಿ, ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ ಟೇಪು ಹಿಡಿದೆ. 24 ಎಂ.ಎಂ. ಇಳಿದಿತ್ತು. ಪ್ರತಿ ಚಕ್ರಕ್ಕೆ 50 ಕೆ.ಜಿ., ಅಂದರೆ ಎಂ.ಎಂ.ಗೆ 2.1 ಕೆ.ಜಿ. "ಕಾಫಿನ ಕ್ಯೂರಿಂಗ್ ಕಾರ್ಖಾನೆಗೆ ಇದರಲ್ಲೇ ಕಳಿಸ್ತೀಯೇನೋ?" ಎಂದರು ಅಪ್ಪ.

ಈ ಜಿಲ್ಲೆಯ ತೋಟದ ರಸ್ತೆಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತು ನಡೆದಿದೆ. ನಮ್ಮ ಹುಡುಗರು ಅದನ್ನು ನೋಡಿ ಬಂದು ಕಾರು ನೆಲಕ್ಕೆ ತಾಗಿಸುತ್ತಾರೆ. ಮಣ್ಣಿನ ರ‍್ಯಾಲಿಯ ಕಾರು ಎತ್ತರಕ್ಕೆ ನಿಂತಿರುವುದು, ಚಕ್ರಕ್ಕೆ ಆಡಲು ಜಾಗ ಇರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೂ ಬಿದ್ದಿರಲಿಲ್ಲ.

ಕೊನೆಗೆ ಮುಂದೆ 3.0ರ ಸ್ಪ್ರಿಂಗ್ ಆರಿಸಿದೆ, ಇಳಿತ 20 ಎಂ.ಎಂ. ಮಾತ್ರ. 50 ಎಂ.ಎಂ. ಜಾಗಕ್ಕೆ 150 ಕೆ.ಜಿ., ಹೆಚ್ಚುಕಡಿಮೆ ಕಂಪನಿಯ ಲೆಕ್ಕವೇ. ಒಂದು ಮುಂಚಕ್ರ ಹೊರುವ 320 ಕೆ.ಜಿ.ಗೆ ಮೊದಲು ಸೆಕೆಂಡಿಗೆ 1.3 ಸಲ ಏರಿಳಿಯುತ್ತಿದ್ದ ಕಾರು ಈಗ 1.5 ಸಲ ಏರಿಳಿಯುತ್ತದೆ. ಹೀಗೆ ಬಿಗಿ ಮಾಡಿದ ಮೇಲೆ ಹಳೆಯ ಶಾಕ್‌ಅಬ್ಸಾರ್ಬರ್ ಇಟ್ಟುಕೊಳ್ಳುವುದು ಜಿಪುಣತನ. ಅದುಮಿದ ಸ್ಪ್ರಿಂಗ್ ಚಿಮ್ಮುವುದನ್ನು ಅದಕ್ಕೆ ಹಿಡಿಯಲು ಆಗುವುದಿಲ್ಲ, ಹಾಸನ–ಬೆಂಗಳೂರು ಹೆದ್ದಾರಿಯಲ್ಲಿ ಕಾರು ದೋಣಿಯಂತೆ ಏರಿಳಿಯುತ್ತದೆ. ಸ್ಪ್ರಿಂಗಿಗಿಂತ ಹೆಚ್ಚು ದುಡ್ಡು ಹೋಗಿದ್ದು ಅಲ್ಲಿಗೆ.

ಹಿಂದೆ ಶೇ 15ರಷ್ಟು ಮಾತ್ರ ಬಿಗಿ ಮಾಡಿದೆ. ಹಿಂಭಾಗ ಬಿಗಿಯಾದರೆ ಫ್ರಂಟ್ ವೀಲ್ ಡ್ರೈವ್ ಕಾರು ತಿರುವಿಗೆ ಚೆನ್ನಾಗಿ ಮೂಗು ತೂರಿಸುತ್ತದೆ, ನಿಜ. ಆದರೆ ಜುಲೈ ತಿಂಗಳಲ್ಲಿ, ಖಾಲಿ ಡಿಕ್ಕಿಯಲ್ಲಿ, ಕೊಳೆತ ಎಲೆ ಬಿದ್ದ ಘಾಟಿಯಲ್ಲಿ ಅದೇ ಬಾಲ ಜಾರುತ್ತದೆ. ಮುಂದಿನದನ್ನು ಬಿಚ್ಚಲು ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಬೇಕು. ಅದುಮಿಟ್ಟ ಸ್ಪ್ರಿಂಗ್ ತಪ್ಪಿ ಹಾರಿದರೆ ಕೈ ಉಳಿಯುವುದಿಲ್ಲ, ಆ ಕೆಲಸ ಗ್ಯಾರೇಜಿಗೇ ಕೊಟ್ಟೆ. ಹಿಂದಿನದು ಶಾಕ್‌ಅಬ್ಸಾರ್ಬರಿನಿಂದ ಬೇರೆಯಾಗಿ ಕೂರುವುದರಿಂದ ಸುಲಭ. ಒಂದು ವಾರ ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆ.

ಕೇಬಲ್ ಟೈ ಇನ್ನೂ ರಾಡಿನಲ್ಲಿದೆ. ಕೊಟ್ಟಿಗೆಹಾರ, ಚಾರ್ಮಾಡಿ, ವಾಪಸ್ಸು ಆಲ್ದೂರು. ಬಂಪ್ ಸ್ಟಾಪಿಗೆ 8 ಎಂ.ಎಂ. ಇರುವಾಗಲೇ ನಿಂತಿತ್ತು. ಫೆಂಡರಿನ ಸಂದಿನಲ್ಲಿ ಈಗ ಮುಷ್ಟಿ ಹೋಗುವುದಿಲ್ಲ, ಮೂರು ಬೆರಳು ಹೋಗುತ್ತದೆ.