ಸ್ಟ್ರಿಪ್‌ಗಿಂತ ಮೊದಲು ಗಡಿಯಾರ ನೋಡಿ

ನಾನು ಕ್ಯಾನ್ಸರ್ ಡೇ ಕೇರ್‌ಗೆ ಸೇರಿದ ಲ್ಯಾಬಿನಲ್ಲಿ ಟೆಕ್ನಿಷಿಯನ್. ಇಮ್ಯುನೋಥೆರಪಿ, ಅಂದರೆ ಕ್ಯಾನ್ಸರ್ ವಿರುದ್ಧ ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಔಷಧಿ, ತಗೊಳ್ಳುವವರ ರಕ್ತದಲ್ಲಿ ಅದು ಎಷ್ಟಿದೆ ಅಂತ ಸ್ಟ್ರಿಪ್ ಹಾಕಿ ನೋಡುತ್ತೇವೆ. ಹನಿ ಬಿಟ್ಟರೆ ಗೆರೆ ಮೂಡುವ ಪಟ್ಟಿ ಅದು. ಸದ್ಯಕ್ಕೆ ಅಧ್ಯಯನಕ್ಕೆ ಮಾತ್ರ, ಎಲ್ಲರಿಗೂ ಮಾಡುವ ಟೆಸ್ಟ್ ಅಲ್ಲ. ಲ್ಯಾಬಿನ ಮಾಮೂಲಿ ಪರೀಕ್ಷೆ ಎಲೈಜಾಗೆ ಅರ್ಧ ದಿನ ಹೋಗುತ್ತದೆ, ರಕ್ತ ಸಿದ್ಧ ಮಾಡಿಕೊಂಡ ಮೇಲೆ ಇದಕ್ಕೆ ಕಾಲು ಗಂಟೆ ಸಾಕು. ಹೊಸ ಹುಡುಗರಿಗೆ ನಾನು ಹೇಳಿಕೊಡುವುದು ಇಷ್ಟು.

ರಕ್ತ ತೆಗೆಯುವುದು ಮುಂದಿನ ಡೋಸ್ ಹಾಕುವುದಕ್ಕೆ ಸ್ವಲ್ಪ ಮುಂಚೆ. ಔಷಧಿ ತೀರಾ ಇಳಿದಿರುವ ಹೊತ್ತು ಅದು. ಟ್ರಫ್ ಅನ್ನೋದು ಇದಕ್ಕೇ. ಪೆಂಬ್ರೊಲಿಜುಮ್ಯಾಬ್ ಅನ್ನೋ ಇಮ್ಯುನೋಥೆರಪಿ ಔಷಧಿಯನ್ನು 3 ವಾರಕ್ಕೊಮ್ಮೆ 200 ಮಿ.ಗ್ರಾಂ. ಹಾಕುತ್ತಾರೆ, ಇಲ್ಲವೇ 6 ವಾರಕ್ಕೊಮ್ಮೆ 400. ಯಾವುದು, ಎಷ್ಟನೇ ಡೋಸ್ ಅಂತ ಮೊದಲೇ ಬರೆದುಕೊಳ್ಳಿ. ಈ ಔಷಧಿ ಅರ್ಧಕ್ಕಿಳಿಯಲು ಸುಮಾರು 22 ದಿನ ಬೇಕು. ಹಾಗಾಗಿ ಡೋಸ್ ಮೇಲೆ ಡೋಸ್ ಬಿದ್ದಂತೆ ಮಟ್ಟ ಏರುತ್ತಾ ಹೋಗಿ, 16 ವಾರದ ಹೊತ್ತಿಗೆ ನಿಲ್ಲುತ್ತದೆ. ಎರಡನೇ ಡೋಸಿನ ಅಂಕಿಯನ್ನು ಎಂಟನೆಯದರ ಪಕ್ಕ ಇಟ್ಟು ನೋಡಿದರೆ ಏನೂ ಗೊತ್ತಾಗಲ್ಲ.

ಡ್ರಿಪ್ ಹಾಕಿದ ಕೈಯಿಂದ ರಕ್ತ ತೆಗೆಯಬೇಡಿ. ನಾನು ಒಮ್ಮೆ ಈ ತಪ್ಪು ಮಾಡಿದ್ದೆ. ಪಾಪ, ಅಜ್ಜಿಗೆ ಇನ್ನೊಂದು ಸಲ ಚುಚ್ಚೋದು ಬೇಡ ಅಂತ, ಔಷಧಿ ಆಗಷ್ಟೇ ಮುಗಿದಿದ್ದ ಪೋರ್ಟಿನಿಂದಲೇ, ಅಂದರೆ ಔಷಧಿ ಒಳಹೋದ ದಾರಿಯಿಂದಲೇ, ರಕ್ತ ಎಳೆದೆ. ಗೆರೆಯನ್ನು ಅಳೆಯುವ ಮೆಷಿನ್, ರೀಡರ್, ಅಳತೆ ಮೀರಿದೆ ಅಂತ ತೋರಿಸಿತು. ಮೆಷಿನ್ ಕೆಟ್ಟಿದೆ ಅಂದುಕೊಂಡು ಇನ್ನೆರಡು ಸ್ಟ್ರಿಪ್ ಸುಮ್ನೆ ಹಾಳು ಮಾಡಿದೆ.

ಕ್ಯಾಸೆಟ್ (ಸ್ಟ್ರಿಪ್ ಇರುವ ಪ್ಲಾಸ್ಟಿಕ್ ಡಬ್ಬಿ) ಫ್ರಿಜ್ಜಿನಲ್ಲಿದ್ದರೆ ಕವರ್ ಒಡೆಯದೆ ಅರ್ಧ ಗಂಟೆ ಹೊರಗಿಡಿ. ತಣ್ಣಗಿರುವಾಗ ಒಡೆದರೆ ತೇವ ಕೂರುತ್ತದೆ. ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲೆ ನಿಲ್ಲುವ ತಿಳಿಯನ್ನು, ಅಂದರೆ ಸೀರಮ್, ತೆಗೆಯಿರಿ. ಪಿಪೆಟ್ ತುದಿಯ ಹೊರಗೆ ಅಂಟಿದ್ದನ್ನು ಟಿಶ್ಯೂನಿಂದ ಒರೆಸಿ. 10 ಮೈಕ್ರೋಲೀಟರ್ ತೆಗೆಯುವಾಗ ಹೊರಗೆ ಅಂಟಿದ ಹನಿಯೂ ಲೆಕ್ಕ ಕೆಡಿಸುತ್ತದೆ. ಸೀರಮ್ ಅನ್ನು ಕಿಟ್ಟಿನ ಜೊತೆ ಬರುವ ಬಫರ್ ದ್ರಾವಣದಲ್ಲಿ ಹೇಳಿದಷ್ಟೇ ತೆಳುವಾಗಿಸಿ. ಗಟ್ಟಿಯಾಗೇ ಹಾಕಿದರೆ, ಕೆಲವು ಕಿಟ್‌ಗಳಲ್ಲಿ ಔಷಧಿ ವಿಪರೀತ ಇದ್ದಾಗಲೂ ಗೆರೆ ಮಸುಕಾಗಿ ಮೋಸ ಮಾಡುತ್ತದೆ. ಹನಿ ಬಿಟ್ಟ ತಕ್ಷಣ ಟೈಮರ್ ಒತ್ತಿ. ಸ್ಟ್ರಿಪ್ ಸರಿ ಇದೆ ಅಂತ ತೋರಿಸುವ ಕಂಟ್ರೋಲ್ ಗೆರೆ ಬರಲಿಲ್ವಾ? ಆ ಕ್ಯಾಸೆಟ್ ಬಿಸಾಕಿ. ಕಣ್ಣಂದಾಜು ಬೇಡ, ರೀಡರಿನಲ್ಲೇ ಓದಿಸಿ.

ಮೊನ್ನೆ ಒಬ್ಬ ಅಮ್ಮ ಕೇಳಿದರು, "ಶುಗರ್ ಥರ ಇದನ್ನೂ ಮನೇಲೇ ನೋಡ್ಕೋಬಹುದಾ ಮಗಾ?" ಇಲ್ಲಮ್ಮ ಅಂದೆ. ಶುಗರ್‌ಗೆ ಇಷ್ಟಿರಬೇಕು ಅಂತ ಮಿತಿ ಇದೆ, ಇದಕ್ಕಿಲ್ಲ. ಪೆಂಬ್ರೊಲಿಜುಮ್ಯಾಬ್ ಅನ್ನು ಕೆ.ಜಿ.ಗೆ 2 ಮಿ.ಗ್ರಾಂ. ಮತ್ತು 10 ಮಿ.ಗ್ರಾಂ. ಕೊಟ್ಟು ಹೋಲಿಸಿದಾಗ ಪರಿಣಾಮದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಜೊತೆಗೆ, ಕಾಯಿಲೆ ಜೋರಾಗಿ ಮೈ ಇಳಿದವರಲ್ಲಿ ಔಷಧಿ ಬೇಗ ಖಾಲಿಯಾಗುತ್ತದೆ. ಅಂಕಿ ಕಡಿಮೆ ಬಂದರೆ ಡೋಸ್ ಸಾಲದು ಅಂತಲೇ ಅರ್ಥವಲ್ಲ.

ಮತ್ತೆ ಯಾಕಪ್ಪಾ ಅಳೆಯೋದು ಅಂದರೆ, ದುಡ್ಡು. ಔಷಧಿ ದುಬಾರಿ, ಕಡಿಮೆ ಡೋಸ್ ಸಾಕಾದರೆ ಖರ್ಚು ಇಳಿಯುತ್ತದೆ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ತಲೆ-ಕತ್ತಿನ ಕ್ಯಾನ್ಸರ್‌ನವರಿಗೆ ಮಾತ್ರೆಗಳ ಜೊತೆ, ಇಂಥದ್ದೇ ಇನ್ನೊಂದು ಔಷಧಿ ನಿವೊಲುಮ್ಯಾಬ್ ಅನ್ನು ಬರೀ 20 ಮಿ.ಗ್ರಾಂ. ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರು, ಬರೀ ಮಾತ್ರೆ ತಗೊಂಡವರಲ್ಲಿ 100ಕ್ಕೆ 16, ಇದೂ ಸೇರಿದವರಲ್ಲಿ 43. ಮಾಮೂಲಿ ಡೋಸ್ 240 ಮಿ.ಗ್ರಾಂ.! ಕಡಿಮೆ ಔಷಧಿ ಎಷ್ಟು ದಿನ ಮೈಯಲ್ಲಿ ಉಳಿಯುತ್ತೆ ಅಂತ ಹಾಸಿಗೆ ಪಕ್ಕದಲ್ಲೇ ಗೊತ್ತಾದರೆ ಒಳ್ಳೆಯದಲ್ವಾ?

ರಿಜಿಸ್ಟರಿನಲ್ಲಿ ಅಂಕಿಯ ಜೊತೆ ಹಿಂದಿನ ಡೋಸಿನ ದಿನ, ರಕ್ತ ತೆಗೆದ ಗಂಟೆ, ಯಾವ ಕೈ, ಕಿಟ್ಟಿನ ಬ್ಯಾಚ್ ನಂಬರ್, ಇವತ್ತಿನ ತೂಕ ಬರೆಯಿರಿ. ತೂಕ ರೋಗಿಯನ್ನು ಕೇಳಿ ಬರೆಯಬೇಡಿ. ತೂಕದ ಮೆಷಿನ್ ಮೇಲೆ ನಿಲ್ಲಿಸಿಯೇ ನೋಡಿ.