ಆರೋಪಿಗೆ ಮಾನಸಿಕ ಕಾಯಿಲೆ ಇದ್ದರೆ ಮನೆಯವರು ಏನು ಮಾಡಬೇಕು?

ಠಾಣೆಯಿಂದ ಫೋನ್ ಬಂದ ಕೂಡಲೇ ಮನೆಯವರು ಆಡುವ ಮೊದಲ ಮಾತು, ‘ಸಾರ್, ಅವನಿಗೆ ಹುಷಾರಿಲ್ಲ, ಟ್ರೀಟ್‌ಮೆಂಟ್ ನಡೀತಿದೆ’. ಮಾತು ನಿಜವೇ ಇರುತ್ತದೆ. ಆದರೆ ಕಾಗದಕ್ಕೆ ಇಳಿಯದ ಮಾತು ಠಾಣೆಯ ಹೊಸ್ತಿಲು ದಾಟಿ ಕೋರ್ಟಿಗಾಗಲೀ ಜೈಲಿಗಾಗಲೀ ಹೋಗುವುದಿಲ್ಲ. ಮಾನಸಿಕ ಕಾಯಿಲೆ ಇರುವ ಆರೋಪಿಗೆ ನಮ್ಮ ಕಾನೂನು ಸಾಕಷ್ಟು ರಕ್ಷಣೆ ಕೊಟ್ಟಿದೆ. ಆ ರಕ್ಷಣೆ ಕೈಗೆ ಸಿಗುವುದು ಸರಿಯಾದ ಕಾಗದ ಸರಿಯಾದ ಮೇಜಿಗೆ ತಲುಪಿದಾಗ ಮಾತ್ರ.

ಒಂದಲ್ಲ, ಮೂರು ಪ್ರಶ್ನೆ

ಮನೆಯವರಷ್ಟೇ ಅಲ್ಲ, ಕೆಲವು ವಕೀಲರೂ ಎಡವುವುದು ಇಲ್ಲೇ. ‘ಕಾಯಿಲೆ ಇದೆ’ ಎಂಬ ಒಂದೇ ಸಂಗತಿಯ ಸುತ್ತ ಕಾನೂನು ಮೂರು ಬೇರೆ ಬೇರೆ ಪ್ರಶ್ನೆ ಕೇಳುತ್ತದೆ.

ಘಟನೆ ನಡೆದ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಎಂದು ತಿಳಿಯುವ ಸ್ಥಿತಿಯಲ್ಲಿ ಆತ ಇದ್ದನೇ? ಇದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ. ಹಳೆಯ ಐಪಿಸಿಯಲ್ಲಿ 84 ಆಗಿತ್ತು. ಇದರ ತೀರ್ಮಾನ ಸಾಮಾನ್ಯವಾಗಿ ವಿಚಾರಣೆಯ ಕೊನೆಗೆ.

ಇವತ್ತು, ಕಟಕಟೆಯಲ್ಲಿ ನಿಂತು, ತನ್ನ ಮೇಲಿನ ಆರೋಪ ಏನು, ನ್ಯಾಯಾಧೀಶರು ಯಾರು, ತನ್ನ ವಕೀಲರು ಯಾರು ಎಂದು ತಿಳಿದು ವಕೀಲರಿಗೆ ವಿಷಯ ಹೇಳಬಲ್ಲನೇ? ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367 ಮತ್ತು 368ನೇ ಕಲಂಗಳ ವಿಷಯ.

ಈಗ ಚಿಕಿತ್ಸೆ ಬೇಕೇ, ಬೇಕಾದರೆ ಎಲ್ಲಿ? ಇದಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ.

ಒಬ್ಬ ವ್ಯಕ್ತಿ ಘಟನೆಯ ದಿನ ತೀವ್ರ ಭ್ರಮೆಯಲ್ಲಿದ್ದು, ಆರು ತಿಂಗಳ ಮಾತ್ರೆಯ ನಂತರ ಕೋರ್ಟಿನಲ್ಲಿ ಸ್ಪಷ್ಟವಾಗಿ ಮಾತನಾಡಬಹುದು. ಇದರ ತಿರುಗುಮುರುಗೂ ಆಗುತ್ತದೆ. ಆದ್ದರಿಂದ ‘ಈಗ ಸರಿಯಾಗಿದ್ದಾನಲ್ಲ, ಆಗ ನಾಟಕ ಆಡಿದ್ದ’ ಎಂಬ ವಾದಕ್ಕೆ ಹುರುಳಿಲ್ಲ. ಜಾಮೀನು ಅರ್ಜಿಯಲ್ಲಿ ಮೊದಲ ಪ್ರಶ್ನೆಯನ್ನೇ ಹಿಡಿದು ಪುಟಗಟ್ಟಲೆ ವಾದಿಸುವುದೂ ವ್ಯರ್ಥ. ಜಾಮೀನಿಗೆ ಬೇಕಾದದ್ದು ಮೂರನೆಯ ಪ್ರಶ್ನೆಯ ಉತ್ತರ.

ಮೊದಲ 24 ಗಂಟೆ

ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಅವಧಿ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅದಕ್ಕೆ ಮುಂಚೆ ವೈದ್ಯಕೀಯ ತಪಾಸಣೆ ಆಗಬೇಕು (ನಾಗರಿಕ ಸುರಕ್ಷಾ ಸಂಹಿತೆ, 53ನೇ ಕಲಂ). ಈ ತಪಾಸಣೆ ಎಷ್ಟೋ ಸಲ ಮೈಮೇಲಿನ ಗಾಯ ನೋಡುವಷ್ಟಕ್ಕೇ ಮುಗಿಯುತ್ತದೆ. ಹಾಗಾಗಿ ವೈದ್ಯರು ನೋಡುವ ಮುಂಚೆಯೇ ಒಂದು ಹಾಳೆ ಅವರ ಕೈ ಸೇರಬೇಕು. ಅದರಲ್ಲಿ ಇಷ್ಟಿರಲಿ: ಎಂದಿನಿಂದ ಕಾಯಿಲೆ, ಯಾವ ಆಸ್ಪತ್ರೆ, ಒಪಿ ಅಥವಾ ಫೈಲ್ ನಂಬರು, ಈಗಿನ ಮಾತ್ರೆಗಳ ಹೆಸರು ಮತ್ತು ಮಿಲಿಗ್ರಾಂ, ಕೊನೆಯ ಸಲ ನುಂಗಿದ್ದು ಯಾವಾಗ.

ಮಾತ್ರೆಯ ವಿಷಯ ಮೇಲಿಂದ ಮೇಲೆ ಹೇಳಲು ಕಾರಣವಿದೆ. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸನ್ನೇ ಮತ್ತೆ ಕೊಡುವಂತಿಲ್ಲ, 12.5 ಮಿ.ಗ್ರಾಂ.ನಿಂದ ಹೊಸದಾಗಿ ಏರಿಸುತ್ತಾ ಬರಬೇಕು. ಎರಡು ದಿನ ಠಾಣೆ, ಕೋರ್ಟು ಎಂದು ಅಲೆದು ಮೂರನೆಯ ದಿನ ಯಾರೋ ಪುಣ್ಯಾತ್ಮರು 300 ಮಿ.ಗ್ರಾಂ. ಒಟ್ಟಿಗೆ ನುಂಗಿಸಿದರೆ ರಕ್ತದೊತ್ತಡ ಕುಸಿದು ಆಳು ಬೀಳಬಹುದು. ಲಿಥಿಯಂ ತೆಗೆದುಕೊಳ್ಳುವವರು ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೂ, ಮೈಕೈ ನೋವಿಗೆಂದು ಕೊಟ್ಟ ಐಬುಪ್ರೊಫೆನ್ ನುಂಗಿದರೂ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಕೈ ನಡುಕ, ತೊದಲು, ವಾಂತಿ ಅದರ ಸೂಚನೆ. ತಿಂಗಳಿಗೊಮ್ಮೆ ಇಂಜೆಕ್ಷನ್ ಪಡೆಯುವವರಾದರೆ ಮುಂದಿನ ತಾರೀಖು ಬರೆಯಿರಿ. ಮಾತ್ರೆ ನಿಂತದ್ದು ನಾಲ್ಕು ದಿನದಲ್ಲಿ ಗೊತ್ತಾಗಬಹುದು, ಇಂಜೆಕ್ಷನ್ ತಪ್ಪಿದ್ದು ವಾರಗಟ್ಟಲೆ ಗೊತ್ತಾಗುವುದಿಲ್ಲ.

ಕುಡಿತದ ಚಟ ಇದ್ದರೆ ಮುಚ್ಚಿಡಬೇಡಿ. ದಿನವೂ ಕುಡಿಯುವವರಿಗೆ ಒಮ್ಮೆಲೇ ನಿಂತಾಗ ಎರಡನೇ, ಮೂರನೇ ದಿನಕ್ಕೆ ಸನ್ನಿ ಹಿಡಿಯಬಹುದು. ಇಲ್ಲದ್ದು ಕಾಣುತ್ತದೆ, ಮೈ ಬೆವರುತ್ತದೆ, ಫಿಟ್ಸ್ ಬರಬಹುದು. ಅದು ಸರಿಯಾಗಿ ಲಾಕಪ್ಪಿನ ಅಥವಾ ಜೈಲಿನ ಮೊದಲ ರಾತ್ರಿಗಳಲ್ಲೇ ಬರುವುದರಿಂದ ‘ನಾಟಕ’ ಎಂಬ ಹೆಸರು ಪಡೆಯುವುದೂ ಉಂಟು. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ.

ಅಪರಾಧವೇನೂ ಮಾಡದೆ ಬೀದಿಯಲ್ಲಿ ಅಲೆಯುತ್ತಿದ್ದವರನ್ನು ಪೊಲೀಸರು ಕರೆತಂದಿದ್ದರೆ ಲೆಕ್ಕವೇ ಬೇರೆ. ಅಂಥವರನ್ನು ಲಾಕಪ್ಪಿನಲ್ಲೂ ಜೈಲಿನಲ್ಲೂ ಇಡುವಂತಿಲ್ಲ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು (2017ರ ಕಾಯ್ದೆ, 100ನೇ ಕಲಂ).

ಮ್ಯಾಜಿಸ್ಟ್ರೇಟರ ಮುಂದೆ

ಮೊದಲ ಹಾಜರಾತಿಯಲ್ಲೇ ವಕೀಲರು ಒಂದು ಮೆಮೊ ಹಾಕಬೇಕು: ಆರೋಪಿಗೆ ಮಾನಸಿಕ ಕಾಯಿಲೆಯ ಚಿಕಿತ್ಸೆ ನಡೆಯುತ್ತಿದೆ, ದಾಖಲೆ ಲಗತ್ತಿಸಿದೆ, ತಪಾಸಣೆಗೆ ಆದೇಶಿಸಬೇಕು. ವಕೀಲರಿಲ್ಲವೇ? ಬಂಧನದಲ್ಲಿರುವ ಯಾರಿಗೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಈ ಹಕ್ಕು ಇದೆ ಎಂದು ರೋಗಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರು, ಪೊಲೀಸರು, ಜೈಲಧಿಕಾರಿ ಎಲ್ಲರ ಕರ್ತವ್ಯ ಎಂದು 2017ರ ಕಾಯ್ದೆಯ 27ನೇ ಕಲಂ ಹೇಳುತ್ತದೆ.

ಮುಂದಿನ ದಾರಿ ಹೀಗೆ. ಆರೋಪಿ ತನ್ನ ಪರ ವಾದಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದು ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ ಜಿಲ್ಲಾ ಸರ್ಜನ್ನರಿಂದ ತಪಾಸಣೆ ಮಾಡಿಸಿ, ಅವರನ್ನು ಸಾಕ್ಷಿಯಾಗಿ ವಿಚಾರಿಸಬೇಕು. ಸರ್ಜನ್ನರಿಗೆ ಕಾಯಿಲೆ ಕಂಡುಬಂದರೆ ಸರ್ಕಾರಿ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯರಿಗೋ ಕ್ಲಿನಿಕಲ್ ಸೈಕಾಲಜಿಸ್ಟರಿಗೋ ಕಳಿಸುತ್ತಾರೆ. ಕರ್ನಾಟಕದಲ್ಲಿ ಕಷ್ಟದ ಪ್ರಕರಣಗಳು ಬೆಂಗಳೂರಿನ ನಿಮ್ಹಾನ್ಸ್‌ಗೆ, ಉತ್ತರದ ಕಡೆಯವಾದರೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗುವುದು ರೂಢಿ. ಇವರ ವರದಿ ಆರೋಪಿಗೆ ಒಪ್ಪಿಗೆಯಾಗದಿದ್ದರೆ ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಈ ಅವಕಾಶ ಇದೆಯೆಂಬುದೇ ಬಹಳ ಜನಕ್ಕೆ ಗೊತ್ತಿಲ್ಲ.

ವಾದಿಸಿಕೊಳ್ಳಲು ಆಗದ ಸ್ಥಿತಿ ಎಂದು ತೀರ್ಮಾನವಾದರೂ ಕೇಸು ತಾನಾಗಿ ನಿಲ್ಲುವುದಿಲ್ಲ. ಆರೋಪಿಯನ್ನು ಪ್ರಶ್ನಿಸದೆ, ವಕೀಲರ ಮಾತು ಕೇಳಿ, ಪ್ರಾಸಿಕ್ಯೂಷನ್ ಕೊಟ್ಟ ದಾಖಲೆಯಲ್ಲಿ ಮೇಲ್ನೋಟಕ್ಕೆ ಆಧಾರವೇ ಇಲ್ಲ ಎಂದು ಕಂಡರೆ ಆರೋಪಿಯನ್ನು ಕೈಬಿಡಬೇಕು. ಆಧಾರವಿದ್ದರೆ ಮಾತ್ರ ಚಿಕಿತ್ಸೆಗೆ ಬೇಕಾದಷ್ಟು ಕಾಲ ಮುಂದೂಡಿಕೆ. ‘ಹುಷಾರಾಗಲಿ ಆಮೇಲೆ ನೋಡೋಣ’ ಎಂದು ಈ ಹೆಜ್ಜೆಯನ್ನು ಹಾರಿಸಿಬಿಟ್ಟರೆ ಗಟ್ಟಿಯಿಲ್ಲದ ಕೇಸೂ ವರ್ಷಗಟ್ಟಲೆ ಉಳಿಯುತ್ತದೆ. ಕಾಯಿಲೆಯ ಬದಲು ಬುದ್ಧಿಮಾಂದ್ಯ ಇದ್ದು, ಅದರಿಂದ ವಾದಿಸಿಕೊಳ್ಳಲು ಆಗದಿದ್ದರೆ ಮುಂದೂಡಿಕೆಯೇ ಇಲ್ಲ, ಪ್ರಕರಣ ಮುಕ್ತಾಯಗೊಳಿಸಬೇಕು. ಮಾತ್ರೆಯಿಂದ ಬುದ್ಧಿಮಾಂದ್ಯ ವಾಸಿಯಾಗುವುದಿಲ್ಲವಲ್ಲ.

ಜಾಮೀನಿಗೆ 369

ನಾಗರಿಕ ಸುರಕ್ಷಾ ಸಂಹಿತೆಯ ಅತಿ ಉಪಯುಕ್ತವಾದ, ಅತಿ ಕಡಿಮೆ ಬಳಕೆಯಾಗುವ ಕಲಂ ಇದು. ಅಪರಾಧ ಜಾಮೀನು ಕೊಡಬಹುದಾದದ್ದೇ ಇರಲಿ, ಕೊಡಲಾಗದ್ದೇ ಇರಲಿ, ಆರೋಪಿಯನ್ನು ಆಸ್ಪತ್ರೆಯಲ್ಲಿಟ್ಟು ನೋಡುವ ಅಗತ್ಯ ಇಲ್ಲದಿದ್ದರೆ, ನೆಂಟರೋ ಸ್ನೇಹಿತರೋ ಮುಚ್ಚಳಿಕೆ ಕೊಟ್ಟರೆ ಬಿಡುಗಡೆಗೆ ಆದೇಶಿಸಬಹುದು. ಮುಚ್ಚಳಿಕೆಯಲ್ಲಿ ಎರಡು ಮಾತು ಇರಲೇಬೇಕು: ಹತ್ತಿರದ ಆಸ್ಪತ್ರೆಯಲ್ಲಿ ಹೊರರೋಗಿಯಾಗಿ ನಿಯಮಿತವಾಗಿ ಚಿಕಿತ್ಸೆ ಕೊಡಿಸುತ್ತೇನೆ, ತನಗಾಗಲೀ ಬೇರೆಯವರಿಗಾಗಲೀ ಹಾನಿ ಮಾಡಿಕೊಳ್ಳದಂತೆ ನೋಡಿಕೊಳ್ಳುತ್ತೇನೆ.

ಬರೀ ಇಷ್ಟು ಬರೆದು ಸಹಿ ಹಾಕಿದರೆ ನ್ಯಾಯಾಧೀಶರಿಗೆ ಧೈರ್ಯ ಬರುವುದು ಕಷ್ಟ. ಯಾವ ಆಸ್ಪತ್ರೆ, ಮನೆಯಿಂದ ಎಷ್ಟು ದೂರ, ಒಪಿ ಯಾವ ವಾರ, ಮಾತ್ರೆ ಯಾರ ಕೈಯಲ್ಲಿರುತ್ತದೆ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ವಿವರ ಕೊಡಿ. ‘ಒಳರೋಗಿಯಾಗಿ ಇಡಬೇಕಿಲ್ಲ’ ಎಂಬ ವಾಕ್ಯ ಮನೋವೈದ್ಯರ ವರದಿಯಲ್ಲಿ ಇರಲೇಬೇಕು. ವರದಿಯಲ್ಲಿ ರೋಗದ ಹೆಸರು, ಔಷಧ ಎಲ್ಲ ಇದ್ದು ಈ ಒಂದು ವಾಕ್ಯ ಇಲ್ಲದೆ ಅರ್ಜಿ ಬಿದ್ದುಹೋಗಬಹುದು. ದೂರುದಾರರು ಅದೇ ಮನೆಯವರೋ ಪಕ್ಕದ ಮನೆಯವರೋ ಆಗಿದ್ದರೆ ಬೇರೆ ಊರಿನ ನೆಂಟರ ವಿಳಾಸ ಕೊಡುವುದು ಒಳ್ಳೆಯದು.

ಮುಚ್ಚಳಿಕೆ ಕೊಡುವವರು ಯಾರೂ ಇಲ್ಲದಿದ್ದರೆ ನಿಯಮಿತ ಮನೋವೈದ್ಯಕೀಯ ಚಿಕಿತ್ಸೆ ಸಿಗುವ ಜಾಗದಲ್ಲಿ ಇಡಲು ಆದೇಶವಾಗುತ್ತದೆ.

ಜೈಲು, ಆಸ್ಪತ್ರೆ

ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 5,024 ಬಂದಿಗಳನ್ನು ಮಾತನಾಡಿಸಲಾಗಿತ್ತು. ಮದ್ಯ, ಮಾದಕ ವಸ್ತುಗಳ ಚಟ ಬಿಟ್ಟು ಲೆಕ್ಕ ಹಾಕಿದರೂ ಶೇ 27.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಆದರೆ 2017ರ ಕಾಯ್ದೆಯ 103ನೇ ಕಲಂ ಪ್ರಕಾರ ಜೈಲಿನ ವೈದ್ಯರು ಮೂರು ತಿಂಗಳಿಗೊಮ್ಮೆ ‘ನಮ್ಮಲ್ಲಿ ಮಾನಸಿಕ ಕಾಯಿಲೆಯ ಬಂದಿಗಳು ಇಲ್ಲ’ ಎಂದು ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ (ರೋಗಿಗಳ ಹಕ್ಕಿನ ಅರ್ಜಿ ವಿಚಾರಿಸುವ ಮಂಡಳಿ) ದೃಢೀಕರಿಸಬೇಕು! ಕಾಯಿಲೆಯವರನ್ನು ಜೈಲಿನಲ್ಲಿ ಇಟ್ಟುಕೊಳ್ಳಬೇಡಿ, ಚಿಕಿತ್ಸೆ ಸಿಗುವಲ್ಲಿಗೆ ಕಳಿಸಿ ಎಂಬುದು ಕಾನೂನಿನ ಆಶಯ. ಆದರೆ ‘ಇಲ್ಲ’ ಎಂದು ಬರೆಯಬೇಕಾದ ನಮೂನೆ ಕೊಟ್ಟರೆ ಬರೆಯುವವರು ‘ಇಲ್ಲ’ ಎಂದೇ ಬರೆದಾರು.

ಜೈಲಿನೊಳಗೆ ಮನೋವೈದ್ಯಕೀಯ ವಾರ್ಡ್ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಮಂಡಳಿಯ ಪೂರ್ವಾನುಮತಿ ಪಡೆದು ಹೊರಗಿನ ಆಸ್ಪತ್ರೆಗೆ ಕಳಿಸಬಹುದು. ಆಸ್ಪತ್ರೆಗೆ ದಾಖಲಾದವನು ಬಂದಿಯಾಗಿದ್ದರೂ ರೋಗಿಯ ಹಕ್ಕು ಕಳೆದುಕೊಳ್ಳುವುದಿಲ್ಲ. ತಲೆ ಬೋಳಿಸುವಂತಿಲ್ಲ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ವಿದ್ಯುತ್ ಕಂಪನ ಚಿಕಿತ್ಸೆ ಕೊಡುವಂತಿಲ್ಲ. ಕೂಲಿ ಕೊಡದೆ ದುಡಿಸುವಂತಿಲ್ಲ. ಕಟ್ಟಿಹಾಕುವುದು ತಕ್ಷಣದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ, ಎಷ್ಟು ಬೇಕೋ ಅಷ್ಟೇ ಹೊತ್ತು. ಹಾಗೆ ಕಟ್ಟಿಹಾಕಿದ ಪ್ರತಿ ಸಲವೂ 24 ಗಂಟೆಯೊಳಗೆ ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ (ಯಾರೆಂದು ಮುಂದೆ ಹೇಳಿದೆ) ತಿಳಿಸಬೇಕು.

ವಾರ್ಡಿನಲ್ಲಿ ನಿತ್ಯದ ಜಟಾಪಟಿ ಸರಪಳಿಯದು. ಬೆಂಗಾವಲಿನ ಪೊಲೀಸರಿಗೆ ಆರೋಪಿ ತಪ್ಪಿಸಿಕೊಂಡರೆ ತಮ್ಮ ಕೆಲಸ ಹೋಗುವ ಭಯ, ಅದಕ್ಕೇ ಕೋಳವನ್ನು ಮಂಚದ ಸರಳಿಗೆ ಸಿಕ್ಕಿಸುತ್ತಾರೆ. ಮಾನಸಿಕ ಕಾಯಿಲೆ ಇರುವವರನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಬಂಧಿಸುವಂತಿಲ್ಲ ಎಂದು 2017ರ ಕಾಯ್ದೆಯ 95ನೇ ಕಲಂ ಖಂಡತುಂಡವಾಗಿ ಹೇಳುತ್ತದೆ. ಪೊಲೀಸರೊಂದಿಗೆ ಜಗಳಕ್ಕೆ ಇಳಿಯುವ ಬದಲು ಚಿಕಿತ್ಸೆ ನೀಡುವ ವೈದ್ಯರಿಗೆ ಬರಹದಲ್ಲಿ ಕೊಡಿ, ಕೇಸ್ ಶೀಟಿನಲ್ಲಿ ನಮೂದಾಗಲಿ. ಕಾವಲು ಬಾಗಿಲಾಚೆ ಇರಲಿ.

ನಾಮನಿರ್ದೇಶಿತ ಪ್ರತಿನಿಧಿ ಎಂದರೆ ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಪರ ನಿಲ್ಲುವವರು. ಇದಕ್ಕೆ ಸ್ಟಾಂಪ್ ಪೇಪರ್ ಬೇಡ, ನೋಟರಿ ಬೇಡ. ಬಿಳಿ ಹಾಳೆಯಲ್ಲಿ ಬರೆದು ರೋಗಿ ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಹುಷಾರಾಗಿರುವಾಗಲೇ ಮಾಡಿಸಿಡಿ.

ವರದಿ ಎಲ್ಲಿ ಸಿಕ್ಕಿಬೀಳುತ್ತದೆ?

ಬಂಧನದ ಆದೇಶದ ಮೇಲೆ ದಾಖಲಾದವರ ಬಗ್ಗೆ ಆಸ್ಪತ್ರೆ ಆರು ತಿಂಗಳಿಗೊಮ್ಮೆ ಆದೇಶ ಕೊಟ್ಟ ಪ್ರಾಧಿಕಾರಕ್ಕೆ ವರದಿ ಕಳಿಸಬೇಕು. ವಾದಿಸಿಕೊಳ್ಳುವಷ್ಟು ಚೇತರಿಕೆ ಆದಾಗ ವಿಚಾರಣೆ ಮತ್ತೆ ಶುರುವಾಗಬೇಕು. ಆಸ್ಪತ್ರೆಯವರು ಜೈಲಿಗೆ ಬರೆಯುತ್ತಾರೆ, ಜೈಲಿನವರು ಕೋರ್ಟಿಗೆ. ನಡುವೆ ಒಂದು ಲಕೋಟೆ ಯಾವುದೋ ಟಪ್ಪಾಲು ವಿಭಾಗದಲ್ಲಿ ಕುಳಿತರೆ ಮನುಷ್ಯನೂ ಅಲ್ಲೇ ಕುಳಿತ. ಅಸ್ಸಾಮಿನಲ್ಲಿ 1951ರಲ್ಲಿ ಬಂಧಿತನಾದ ಒಬ್ಬ ವ್ಯಕ್ತಿ ವಿಚಾರಣೆಯೇ ಇಲ್ಲದೆ 54 ವರ್ಷ ಒಳಗಿದ್ದು 2005ರಲ್ಲಿ ಹೊರಬಂದ. ನಡುವೆ ಆಸ್ಪತ್ರೆಯ ವೈದ್ಯರು ಆತ ಚೇತರಿಸಿಕೊಂಡಿದ್ದಾನೆ ಎಂದು ಹೇಳಿದ ಮೇಲೂ ಆತನನ್ನು ಕಳಿಸಿದ್ದು ಮತ್ತೆ ಜೈಲಿಗೇ.

ಆದ್ದರಿಂದ ಪ್ರತಿ ವರದಿಯ ನಕಲನ್ನು ಕೇಳಿ ಪಡೆಯಿರಿ. ತನ್ನ ವೈದ್ಯಕೀಯ ದಾಖಲೆ ಪಡೆಯುವುದು ರೋಗಿಯ ಹಕ್ಕು (2017ರ ಕಾಯ್ದೆ, 25ನೇ ಕಲಂ). ಆ ನಕಲನ್ನು ವಕೀಲರ ಮೂಲಕ ಕೋರ್ಟಿಗೆ ನೀವೇ ಹಾಜರುಪಡಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಇನ್ನೊಂದು ಎಚ್ಚರ: ಆಸ್ಪತ್ರೆಯಿಂದ ಜೈಲಿಗೆ ಮರಳಿದ ಮೇಲೆ ಮಾತ್ರೆ ತಪ್ಪಿ ಮತ್ತೆ ಕಾಯಿಲೆ ಮರುಕಳಿಸಿ, ಮತ್ತೆ ಮುಂದೂಡಿಕೆ ಆಗುವ ಸುತ್ತು ಸಾಮಾನ್ಯ. ಡಿಸ್ಚಾರ್ಜ್ ಸಮ್ಮರಿಯ ಮೂರು ಪ್ರತಿ ಮಾಡಿಸಿ. ಜೈಲಿನ ವೈದ್ಯರಿಗೊಂದು, ವಕೀಲರಿಗೊಂದು, ಮನೆಗೊಂದು.

ಹಕ್ಕಿಗೆ ಧಕ್ಕೆಯಾದರೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ರೋಗಿ ಅಥವಾ ಪ್ರತಿನಿಧಿ ಅರ್ಜಿ ಹಾಕಬಹುದು. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಧ್ಯಕ್ಷರಾಗಿದ್ದು, ಮನೋವೈದ್ಯರೂ ರೋಗಿಗಳ ಅಥವಾ ಆರೈಕೆದಾರರ ಪ್ರತಿನಿಧಿಗಳೂ ಅದರಲ್ಲಿರುತ್ತಾರೆ. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು.

22ನೇ ಕಲಂ ಹಿಡಿಯುವ ಮುಂಚೆ

‘ಘಟನೆಯ ಹೊತ್ತಿನಲ್ಲಿ ಚಿತ್ತ ಸ್ಥಿಮಿತದಲ್ಲಿ ಇರಲಿಲ್ಲ’ ಎಂದು ತೋರಿಸುವ ಹೊಣೆ ಆರೋಪಿಯದು. ಆದರೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ, ಹಾಗಿರುವ ಸಂಭವವೇ ಹೆಚ್ಚು ಎನ್ನುವಷ್ಟು ತೋರಿಸಿದರೆ ಸಾಕು. ಸುಪ್ರೀಂ ಕೋರ್ಟ್ 1964ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಹತ್ತು ವರ್ಷದ ಹಿಂದಿನ ಪ್ರಮಾಣಪತ್ರಕ್ಕಿಂತ ಘಟನೆಯ ಹಿಂದಿನ ವಾರ ಮೆಡಿಕಲ್ ಶಾಪಿನ ಬಿಲ್ಲು, ಊಟ ನಿದ್ದೆ ಬಿಟ್ಟದ್ದನ್ನು ಕಂಡ ನೆರೆಯವರ ಸಾಕ್ಷಿ, ಬಂಧನವಾದ ಕೂಡಲೇ ನಡೆದ ತಪಾಸಣೆಯ ವರದಿ ಹೆಚ್ಚು ತೂಗುತ್ತವೆ.

ಖುಲಾಸೆಯಾದರೂ ಮನೆಗೆ ಹೋಗುವ ಖಾತ್ರಿಯಿಲ್ಲ. ಕೃತ್ಯ ಎಸಗಿದ್ದು ನಿಜ ಎಂದು ತೀರ್ಪು ಹೇಳಿದರೆ, ಸುರಕ್ಷಿತ ವಶದಲ್ಲಿ ಇಡಲು ಅಥವಾ ಭದ್ರತೆ ಪಡೆದು ನೆಂಟರಿಗೆ ಒಪ್ಪಿಸಲು ನ್ಯಾಯಾಲಯ ಆದೇಶಿಸುತ್ತದೆ (ನಾಗರಿಕ ಸುರಕ್ಷಾ ಸಂಹಿತೆ, 374ನೇ ಕಲಂ). ಆ ವಶಕ್ಕೆ ಇಷ್ಟೇ ವರ್ಷ ಎಂಬ ಮಿತಿಯನ್ನು ಕಲಂ ಹೇಳಿಲ್ಲ. ಆರು ತಿಂಗಳ ಶಿಕ್ಷೆಯ ಸಣ್ಣ ಕೇಸಿನಲ್ಲಿ ಈ ವಾದ ಹೂಡುವ ಮುಂಚೆ ಲೆಕ್ಕ ಹಾಕಬೇಕು. ಕೊಲೆಯ ಕೇಸಾದರೆ ಲೆಕ್ಕ ಬೇರೆ.

ಬಿಡುಗಡೆಯ ದಿನ

ಕೋರ್ಟಿನ ಆದೇಶ ಜೈಲಿಗೆ ತಲುಪಿ, ಹೊರಗೆ ಬಿಡುವ ಹೊತ್ತಿಗೆ ಸಾಮಾನ್ಯವಾಗಿ ಸಂಜೆಯಾಗಿರುತ್ತದೆ. ಒಳಗೆ ಕೊಡುತ್ತಿದ್ದ ಮಾತ್ರೆ ಅಲ್ಲೇ ಉಳಿಯುತ್ತದೆ, ಚೀಟಿಯಿಲ್ಲದೆ ಈ ಔಷಧಗಳನ್ನು ಅಂಗಡಿಯವರು ಕೊಡುವಂತಿಲ್ಲ. ಹಿಂದಿನ ದಿನವೇ ಜೈಲಿನ ವೈದ್ಯರಿಂದ ಔಷಧದ ಚೀಟಿ ಬರೆಸಿಕೊಳ್ಳಿ, ಒಂದು ವಾರದ ಮಾತ್ರೆ ಮೊದಲೇ ಕೊಂಡು ಜೊತೆಗಿಟ್ಟುಕೊಳ್ಳಿ, ಒಪಿಯ ತಾರೀಖು ಗೊತ್ತುಮಾಡಿ. ರಾತ್ರಿ ಹೊತ್ತು ಸಲಹೆ ಬೇಕಾದರೆ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ.